ಲತಾಮಣಿಯ ಸ್ಕೂಟರ್

ನಮ್ಮ ಕಣಕಟ್ಟೆಯಲ್ಲಿ ಪಕ್ಕದ ಮನೆ ಲತಾಮಣಿ ಅಂದ್ರೆ ನನಗೆ ಮಗಳಿದ್ದ ಹಾಗೆ. ಹುಟ್ಟಿದಾಗಿನಿಂದ ಎರಡು ಕಾಲಿಗೂ ಬಲ ಇಲ್ಲ. ಅವಳಣ್ಣ ಧರ್ಮೇಶನೇ ಬೆನ್ನ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟು ಬರ್ತಿದ್ದ. ಆ ಪುಣ್ಯ ಅವನಿಗೈತೆ, ನಾನೇನೂ ಇಲ್ಲ ಅನ್ನಲ್ಲ.

ಹುಡುಗಿ ಡಿಗ್ರಿ ಮುಗಿಸಿದಳು. ಅಂಗವಿಕಲರ ಮೀಸಲಿನಲ್ಲಿ ಅರಸೀಕೆರೆಯ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ ಸಿಕ್ತು. ಗುತ್ತಿಗೇದೇ, ಆದ್ರೂ ಕೆಲಸ ಕೆಲಸವೇ. ಬಸ್ಸಿನ ಮೆಟ್ಟಿಲು ಹತ್ತೋದೇ ದೊಡ್ಡ ಪಾಡು. ಅರ್ಜಿ ಹಾಕಿ, ಓಡಾಡಿ ಓಡಾಡಿ, ಕೊನೆಗೆ ಹಿಂದೆ ಎರಡೂ ಪಕ್ಕ ಚಕ್ರ ಇರೋ ಸ್ಕೂಟರನ್ನ ಸರ್ಕಾರ ಕೊಡ್ತು. ಅವತ್ತು ಅವಳು ತೋಟದ ದಾರೀಲಿ ಹಾರನ್ ಹೊಡ್ಕೊಂಡು ಹೋದದ್ದು ನೋಡಬೇಕಿತ್ತು! "ಗಿಡ್ಡಮ್ಮತ್ತೆ, ಹತ್ತು ಬಾ, ಒಂದು ರೌಂಡ್ ಹೋಗಿ ಬರಾಣ" ಅಂದಳು. ನಾನು ಪೊರಕೆ ಹಿಡಿದು ನಿಂತಲ್ಲೇ ಅತ್ತುಬಿಟ್ಟೆ.

ಭಾನುವಾರ ಗಾಡಿ ಸುಮ್ನೆ ನಿಂತಿರೋದು ಧರ್ಮೇಶನ ಕಣ್ಣಿಗೆ ಬಿತ್ತು. "ಎರಡು ಚಕ್ರ ಜಾಸ್ತಿ ಅವೆ ಕಣತ್ತೆ, ಎಷ್ಟು ತೆಂಗಿನಕಾಯಿ ಹೇರಿದ್ರೂ ವಾಲಲ್ಲ" ಅಂದ.

"ಥೂ, ನಿನ್ನ ಬುದ್ಧಿಗಿಷ್ಟು! ತಂಗಿ ಕಾಲಿನ ಮೇಲೆ ಕಾಯಿ ಹೇರ್ತೀಯೇನೋ?" ಅಂತ ಉಗಿದೆ. ಯಾರು ಕೇಳ್ತಾರೆ? ತನ್ನನ್ನ ಹೊತ್ತು ತಿರುಗಿದ ಅಣ್ಣನಿಗೆ ಬೇಡ ಅನ್ನೋಕೆ ಲತಾಮಣಿಗೆ ಬಾಯಿ ಬರಲಿಲ್ಲ.

ಅವನು ಕಾಯಿ ಹೇರ್ಕೊಂಡು ಹಳ್ಳ ದಾಟುವಾಗ ಪಕ್ಕದ ಚಕ್ರದ ಅಚ್ಚು ಮುರೀತು. ಆ ಸಾಮಾನು ಹೊರಗಿನಿಂದ ತರಿಸಬೇಕು, ತಡ ಆಗುತ್ತೆ ಅಂದ ಮೆಕ್ಯಾನಿಕ್. ಧರ್ಮೇಶ ಅವಳನ್ನ ಎತ್ತಿ ಬಸ್ಸಿಗೆ ಹತ್ತಿಸ್ತಿದ್ದ, ಆದ್ರೆ ಅರಸೀಕೆರೇಲಿ ಇಳಿಸೋರು ಯಾರು? ಒಂದಿನ ಇಳಿಯೋಕೆ ಹೋಗಿ ಬಿದ್ದು ಕೈ ಮುರ್ಕೊಂಡಳು. ಆಫೀಸಿನೋರು ಕೆಟ್ಟೋರಲ್ಲ, ಕಾದರು. ಗುತ್ತಿಗೆ ಮುಗೀತು, ಅವಳ ಜಾಗಕ್ಕೆ ಬೇರೆಯವರು ಬಂದ್ರು.

ಅಯ್ಯೋ, ಈಗ್ಲೂ ಬೆಳಗ್ಗೆ ತಲೆ ಬಾಚಿ, ಆಫೀಸಿನ ಚೂಡಿದಾರ ಹಾಕ್ಕೊಂಡು ಜಗಲಿ ಮೇಲೆ ಕೂತ್ಕೋತಾಳೆ. ಬಸ್ಸು ಹೋದಮೇಲೆ ಒಳಗೆ ಹೋಗ್ತಾಳೆ.

ಹೋದ ವಾರ ಗಾಡಿ ರಿಪೇರಿಯಾಗಿ ಬಂತು. ಧರ್ಮೇಶ ಸೀಟು ಒರೆಸಿ, ಪೆಟ್ರೋಲ್ ಹಾಕಿಸಿ, ಜಗಲಿ ಮುಂದೆ ತಂದು ನಿಲ್ಲಿಸಿದ. ಅವನ ಕಣ್ಣಲ್ಲೂ ನೀರು.

"ತಗೊಳವ್ವ, ಇನ್ಯಾವತ್ತೂ ಮುಟ್ಟಲ್ಲ. ನೀನು ಹೋಗು" ಅಂದ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರೆ ಎಷ್ಟೋ ವಾಸಿಯಿತ್ತು. ಕೀ ಈಸ್ಕೊಂಡು ಅವನ ಮುಖವನ್ನೇ ನೋಡಿದಳು.

"ಎಲ್ಲಿಗಣ್ಣ?" ಅಂದಳು.