ನಾಲ್ಕು ಹಾಳೆಯ ಮೇಲೂ ಶ್ರೀ

ಮನುಷ್ಯರ ಬುದ್ಧಿಯನ್ನು ಒಂದೇ ಅಂಕಿಯಲ್ಲಿ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ವಯಸ್ಸಾಯಿತು, ಇನ್ನಾದರೂ ಬಿಡು ಎನ್ನುತ್ತಾರೆ ಮನೆಯವರು. ಬಿಡುವುದಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ನಾವು ಚಾಮರಾಜಪೇಟೆಯಲ್ಲಿದ್ದೆವು. ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಿದ್ದೆ. ತಂಗಿ ಆಗಷ್ಟೇ ಹೈಸ್ಕೂಲಿಗೆ ಸೇರಿದ್ದಳು. ಅವಳಿಗೆ ಲೆಕ್ಕವೆಂದರೆ ಪ್ರಾಣ. ಸಂಜೆ ಹೂ ಕಟ್ಟುತ್ತ ಕೂತಾಗಲೂ ಬಾಯಲ್ಲೇ ಲೆಕ್ಕ ಬಿಡಿಸುತ್ತಿದ್ದಳು. ಮುಂದಿನ ವರ್ಷ ವಿಜ್ಞಾನ ತೆಗೆದುಕೊಳ್ಳಬೇಕೆಂಬುದು ಅವಳ ಒಂದೇ ಆಸೆ.

ನಮ್ಮ ಮನಃಶಾಸ್ತ್ರದ ಮೇಷ್ಟ್ರಿಗೆ ಆಗ ಒಂದು ಹೊಸ ಹುಚ್ಚು. ಪದ, ಅಂಕಿ, ಚಿತ್ರ, ಆಕೃತಿ, ಯಾವುದರ ಪರೀಕ್ಷೆ ಕೊಟ್ಟರೂ ಒಂದರಲ್ಲಿ ಮುಂದಿರುವವರು ಉಳಿದವುಗಳಲ್ಲೂ ಮುಂದಿರುತ್ತಾರಂತೆ. ಆದ್ದರಿಂದ ಎಲ್ಲದರ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆಯಂತೆ, ಅದು ಹುಟ್ಟಿನಿಂದಲೇ ಬರುತ್ತದಂತೆ. ತಂಗಿಯ ಶಾಲೆಯ ಹೆಡ್‌ಮಿಸ್ಟ್ರೆಸ್ ಈ ಮೇಷ್ಟ್ರನ್ನು ಕರೆಸಿ, ಯಾರಿಗೆ ವಿಜ್ಞಾನ, ಯಾರಿಗೆ ಗೃಹವಿಜ್ಞಾನ ಎಂದು ಅಳೆದು ಹೇಳಿ ಎಂದರು.

ನಾಲ್ಕು ಹಾಳೆ, ಒಂದೊಂದಕ್ಕೆ ಎರಡೇ ನಿಮಿಷ. ಹಾಳೆ ಹಂಚಲು ನನ್ನನ್ನು ಕರೆದೊಯ್ದಿದ್ದರು, ಹುಡುಗಿಯರ ಹತ್ತಿರ ತುಟಿ ಬಿಚ್ಚಬಾರದೆಂಬ ತಾಕೀತಿನೊಂದಿಗೆ. ತಂಗಿ ಹಾಳೆಯನ್ನು ಕಣ್ಣಿಗೊತ್ತಿಕೊಂಡಳು. ಲೇಖನಿಯನ್ನು ಮಸಿಗೆ ಅದ್ದಿ, ಹಾಳೆಯ ನೆತ್ತಿಯ ನಟ್ಟನಡುವೆ ಶ್ರೀ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು, ಬ್ಲಾಟಿಂಗ್ ಪೇಪರ್ ಒತ್ತಿ ಒಣಗಿಸಿದಳು. ಶ್ರೀಗೆ ಕೈ ತಾಗಿ ಮಸಿ ಹರಡಬಾರದೆಂದು ಅಜ್ಜಿ ಕಲಿಸಿದ್ದು ಅದು. ಆಮೇಲೆ ಉತ್ತರ. ನಾಲ್ಕು ಹಾಳೆಗೂ ಇದೇ ಕಥೆ. ತರಗತಿಯ ಅರ್ಧ ಹುಡುಗಿಯರು ಹೀಗೆಯೇ ಮಾಡಿದರು. ಕಾನ್ವೆಂಟಿನಿಂದ ಬಂದಿದ್ದ ಉಳಿದವರು ನೇರವಾಗಿ ಉತ್ತರಕ್ಕೆ ಕೈ ಹಾಕಿದರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಫಲಿತಾಂಶ ಬಂತು. ತಂಗಿ ನಾಲ್ಕರಲ್ಲೂ ಕೆಳಗೆ. ನಾನು ಮೇಷ್ಟ್ರ ಕೋಣೆಗೆ ನುಗ್ಗಿದೆ.

"ಸಾರ್, ಬರೆದಿರೋದೆಲ್ಲ ಸರಿಯಾಗೇ ಇದೆ ನೋಡಿ. ಕೊನೇವು ಮಾತ್ರ ಬಿಟ್ಟೋಗಿವೆ. ಟೈಮೆಲ್ಲ ಶ್ರೀ ಬರೆಯೋಕೇ ಹೋಯ್ತು."

"ಒಂದರಲ್ಲಿ ಹಾಗಾಗಿದ್ರೆ ಒಪ್ತಿದ್ದೆನಮ್ಮ. ನಾಲ್ಕೂ ಒಟ್ಟಿಗೆ ಇಳಿದಿದೆಯಲ್ಲ. ಸಾಮಾನ್ಯ ಶಕ್ತಿ ಕಮ್ಮಿ ಅನ್ನೋದಕ್ಕೆ ಅದೇ ಸಾಕ್ಷಿ."

"ನಾಲ್ಕರ ಮೇಲೂ ಶ್ರೀ ಇದೆ, ಅದಕ್ಕೇ ನಾಲ್ಕೂ ಇಳಿದಿದೆ! ಬರೆದೋರೆಲ್ಲ ಇಳಿದಿದಾರೆ, ಬರೀದೇ ಇದ್ದೋರು ಏರಿದಾರೆ. ನೀವು ಅಳೆದಿದ್ದು ಅದನ್ನೇ. ಇನ್ನೊಂದ್ಸಲ ಕೊಡಿ ಸಾರ್, ಬರೀಬೇಡ ಅಂತ ನಾನೇ ಹೇಳ್ತೀನಿ."

ಮೇಷ್ಟ್ರು ನಕ್ಕರು. "ಹೇಳಿಕೊಟ್ಟ ಮೇಲೆ ಅದು ಪರೀಕ್ಷೆ ಹೇಗಾಗುತ್ತೆ? ಬುದ್ಧಿ ಇದ್ದಿದ್ರೆ ಅವಳಿಗೇ ಹೊಳೀಬೇಕಿತ್ತು."

ಆ ನಗುವನ್ನು ನಾನು ಕ್ಷಮಿಸಿಲ್ಲ. ಅಂಕಗಳೆಲ್ಲ ಒಟ್ಟಿಗೆ ಏರಿಳಿದರೆ ಹಿಂದೆ ಒಂದೇ ಕಾರಣ ಇರಬಹುದು, ಸರಿ. ಆ ಕಾರಣ ಮಗುವಿನ ತಲೆಯೊಳಗೇ ಇದೆ ಎಂದು ಇವರಿಗೆ ಹೇಳಿದವರು ಯಾರು? ಅದು ಹಾಳೆಯ ಮೇಲೆ, ಕಣ್ಣಿಗೆ ರಾಚುವ ಹಾಗೆ ಕೂತಿತ್ತು. ಓದಿದ ಮನುಷ್ಯ ಅದನ್ನು ಬಿಟ್ಟು ಕೂಡಿ ಕಳೆದು ಗುಣಿಸುತ್ತಿದ್ದ.

ಮನೆಗೆ ಬಂದು ಅಪ್ಪನ ಮುಂದೆ ಕೂಗಾಡಿದೆ. "ಅಷ್ಟು ಓದಿದೋರು ಅಳೆದು ಹೇಳಿದಾರೆ, ನೀನು ಸುಮ್ನಿರು" ಎಂದರು. ಗಿರಾಕಿ ತಕರಾರು ತೆಗೆದರೆ ಗಜಕಡ್ಡಿ ಹಿಡಿದು ಬಟ್ಟೆಯನ್ನು ಮತ್ತೆ ಅಳೆದು ತೋರಿಸುತ್ತಿದ್ದ ಮನುಷ್ಯ! ಮಗಳಿಗೆ ಆ ಮರ್ಯಾದೆಯೂ ಇರಲಿಲ್ಲ.

ತಂಗಿಯನ್ನು ಗೃಹವಿಜ್ಞಾನಕ್ಕೆ ಹಾಕಿದರು. ಮೊದಲ ಹೊಲಿಗೆ ಪಾಠದಲ್ಲಿ ಅವಳು ಬಿಳಿ ಕರವಸ್ತ್ರದ ನಟ್ಟನಡುವೆ ಶ್ರೀ ಎಂದು ಕಸೂತಿ ಹಾಕಿದಳು, ಅಡಿಯಲ್ಲಿ ಎರಡು ಗೆರೆ. ಪೂರ್ತಿ ಅಂಕ ಬಂತು. ಅಪ್ಪ ಹಿಗ್ಗಿ ಅದನ್ನು ಅಂಗಡಿಗೆ ಒಯ್ದು ಗಿರಾಕಿಗಳಿಗೆಲ್ಲ ತೋರಿಸಿದರು. "ನೋಡಿದ್ಯಾ, ಇದು ಅವಳ ತಲೆಗೆ ಹತ್ತುತ್ತೆ" ಎಂದು ನನಗೆ ಹೇಳಿದರು.

ತಂಗಿ ಸಂಜೆ ಎಂದಿನಂತೆ ಹೂ ಕಟ್ಟಲು ಕೂತಳು. ಆದರೆ ಅವಳ ಬಾಯಲ್ಲಿ ಲೆಕ್ಕ ಕೇಳಲಿಲ್ಲ, ಆಮೇಲೆ ಎಂದೂ ಕೇಳಲಿಲ್ಲ.