ಕೆರೆಯ ನೀರಲ್ಲಿ ಬೆಂದ ಬೇಳೆ

ಕೆರೆಯ ಮೇಲಿನ ನೊರೆ ಹಳದಿಯಾಗಿತ್ತು ಎಂದು ನನ್ನ ನೆನಪು. ಆ ಬಣ್ಣವನ್ನು ಆಮೇಲೆ ರಸಾಯನಶಾಸ್ತ್ರದ ಪುಸ್ತಕದಿಂದ ನಾನೇ ತಂದು ಹಚ್ಚಿದೆನೋ ಏನೋ. ವಾಸನೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಒದ್ದೆ ಉಣ್ಣೆ, ಕುರಿ ಹಿಕ್ಕೆ, ಗಂಧಕ.

ಮದರಾಸಿನ ಕಾಲೇಜಿನಿಂದ ರಜೆಗೆಂದು ಗುಮ್ಮಘಟ್ಟದ ಕಡೆಯ ನಮ್ಮ ದೊಡ್ಡವ್ವನ ಮನೆಗೆ ಬಂದಿದ್ದೆ. ಆ ವರ್ಷ ಉಣ್ಣೆ ವ್ಯಾಪಾರಿಯೊಬ್ಬ ಕೆರೆ ಏರಿಯ ಪಕ್ಕ ತೊಟ್ಟಿ ಕಟ್ಟಿಸಿ, ಗಂಧಕ ಬೆರೆಸಿದ ಪಾಷಾಣದ ಪುಡಿ ಕದಡಿ, ಮೈಗೆ ಕಚ್ಚಿಕೊಂಡ ಉಣುಗು ಸಾಯಲೆಂದು ಕುರಿಗಳನ್ನು ಅದರಲ್ಲಿ ಮುಳುಗಿಸುತ್ತಿದ್ದ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಯಲ್ಲಿ ತೊಳೆಯುವುದು ನಮ್ಮವರ ರೂಢಿ. ಹಾಗಾಗಿ ತೊಟ್ಟಿಯಿಂದೆದ್ದ ಕುರಿಗಳನ್ನೂ ಸೀದಾ ಕೆರೆಗೇ ಇಳಿಸಿದರು. ಆಚೆ ದಡದಲ್ಲಿ ಹೆಂಗಸರು ಕೊಡ ತುಂಬುತ್ತಿದ್ದರು.

ಮರುದಿನ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ನೆರೆಮನೆಯವನು ಪಂಚೆ ಕಟ್ಟಿ ಇಳಿದು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದ.

"ಬಲಿ ಇಲ್ಲ, ಗಾಳ ಇಲ್ಲ, ತಾವಾ ಬಂದಾವ ನೋಡ್ರಿ! ಮದರಾಸಿನ್ಯಾಗ ಇಂಥಾವು ಸಿಗ್ತಾವೇನ್ರಿ?"

ಒಂದನ್ನು ನನ್ನ ಮುಖದ ಹತ್ತಿರ ಹಿಡಿದ. ಅದರ ಕಣ್ಣು ಬೆಳ್ಳಗಾಗಿತ್ತು. ನಾನು ಏರಿಯ ಮೇಲೇ ವಾಂತಿ ಮಾಡಿಕೊಂಡೆ.

ದೊಡ್ಡವ್ವ ಮೀನು ತಿನ್ನುವವಳಲ್ಲ. ಆದರೆ ಆ ನೀರು ಕುಡಿದು ಅವಳೂ ವಾರವೆಲ್ಲ ಕಕ್ಕಿದಳು. ಬೆರಳು ಜೋಮು ಹಿಡಿದಂತಾಗಿ ಕೊಡ ಜಾರಿಸಿದಳು. ಬಾವಿಯ ನೀರು ತಂದುಕೊಟ್ಟೆ. ಚೌಳು ನೀರು, ಎಷ್ಟು ಉರಿ ಹಾಕಿದರೂ ತೊಗರಿಬೇಳೆ ಕಲ್ಲಿನ ಹಾಗೇ ಉಳಿಯಿತು. ಬೇಳೆ ಬೇಯಿಸುವ ನೀರೇ ಒಳ್ಳೆಯ ನೀರು ಎಂಬುದು ನಮ್ಮ ಸೀಮೆಯ ಹೆಂಗಸರ ಲೆಕ್ಕ. ತಪ್ಪೆನ್ನಲಾರೆ, ಅಲ್ಲಿಯವರೆಗೆ ಅದು ಸರಿಯಾಗಿಯೇ ಇತ್ತು.

ಎರಡು ದಿನ ದೊಡ್ಡವ್ವ ಆ ಬೇಯದ ಬೇಳೆಯನ್ನೇ ಉಂಡಳು. ಮೂರನೆಯ ದಿನ ತಟ್ಟೆಗೆ ಬಡಿಸಿದ ಬೇಳೆ ಬೆಣ್ಣೆಯ ಹಾಗೆ ಕರಗಿತ್ತು. ಮತ್ತೆ ಕೆರೆಯ ನೀರು ತಂದಿದ್ದಾಳೆಂದು ಗೊತ್ತಾಯಿತು. ಪಾತ್ರೆಯನ್ನೆತ್ತಿ ತಿಪ್ಪೆಗೆ ಸುರಿದೆ.

"ಅನ್ನ ಚೆಲ್ಲೋದು ಕಲಿಸ್ಯಾರೇನೋ ನಿನಗ ಅಲ್ಲಿ?"

"ಅದ್ರಾಗ ಪಾಷಾಣ ಐತಿ ದೊಡ್ಡವ್ವ. ಕಣ್ಣಿಗೆ ಕಾಣಂಗಿಲ್ಲ, ನಾಲಿಗಿಗೆ ತಿಳಿಯಂಗಿಲ್ಲ."

"ವಿಷದ ನೀರಾಗ ಬ್ಯಾಳಿ ಬೇಯ್ತಾವೇನು?"

ಅಷ್ಟರಲ್ಲಿ ಅವಳ ಕೆಂಪು ಕೋಳಿ ತಿಪ್ಪೆಗೆ ಓಡಿಬಂತು. ಓಡಿಸಲು ಕೈಯೆತ್ತಿದೆ. ದೊಡ್ಡವ್ವ ನನ್ನ ರಟ್ಟೆ ಹಿಡಿದಳು.

"ತಿನ್ಲಿ ಬಿಡು. ಅದು ಸತ್ರ ನಾಳೆಯಿಂದ ಬಾವಿ ನೀರು. ಸಾಯ್ಲಿಲ್ಲಂದ್ರ ನೀ ಬಾಯಿ ಮುಚ್ಕೋಬೇಕು."

ಕೋಳಿ ಬೇಳೆಯನ್ನೆಲ್ಲ ಹೆಕ್ಕಿ ತಿಂದು ಕೊಕ್ಕನ್ನು ನೆಲಕ್ಕೆ ಒರೆಸಿಕೊಂಡಿತು. ಅದು ಸಾಯಲಿ ಎಂದು ಬೇಡಿಕೊಂಡೆ. ಪಾಷಾಣ ಹಾಗೆ ಒಂದೇ ಊಟಕ್ಕೆ ಕೊಲ್ಲಬೇಕಿಲ್ಲ, ವರ್ಷಗಟ್ಟಲೆ ಕಾಯುತ್ತದೆ ಎಂದು ಅವಳಿಗೆ ಹೇಳಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಮುಂದೆ ಅವಳ ಅಂಗೈ ಒಡೆದು ಗಂಟುಗಂಟಾಯಿತು. ನೀರಿನಿಂದಲೇ ಎಂದು ಆಣೆ ಮಾಡಲಾರೆ. ಜೀವನವಿಡೀ ಕಳೆ ಕಿತ್ತ ಕೈ ಅದು. ಆದರೂ ಬೇರೆ ಯಾರ ಅಂಗೈಯೂ ಹಾಗಿದ್ದುದನ್ನು ನಾನು ಕಂಡಿಲ್ಲ.

ಬೇಳೆ ಚೆಲ್ಲಿದ ಮರುದಿನ ಬೆಳಿಗ್ಗೆ ಕೋಳಿ ಮೊಟ್ಟೆ ಇಟ್ಟಿತ್ತು. ದೊಡ್ಡವ್ವ ಅದನ್ನು ಕೆರೆಯ ನೀರಲ್ಲಿ ಬೇಯಿಸಿ, ಸುಲಿದು, ಉಪ್ಪು ಉದುರಿಸಿ, ನಗುತ್ತ ನನ್ನ ಮುಂದೆ ತಂದಿಟ್ಟಳು.

"ತಿನ್ನಪ್ಪಾ, ಬಿಸಿ ಐತಿ."