ಕೊರಿಯದವರ ಹೋಟೆಲಿನಲ್ಲಿ ಮಗಳೆದುರು

ಹೋಟೆಲಿನವನನ್ನು ಇನ್ನೊಬ್ಬರ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಬಾರದು. ಅವನು ಊಟ ಮಾಡುವುದಿಲ್ಲ, ತಪಾಸಣೆ ಮಾಡುತ್ತಾನೆ. ಟೇಬಲ್ಲಿನ ಕಾಲು ಅಲುಗಾಡುತ್ತದೆಯೇ, ಲೋಟದ ತಳದಲ್ಲಿ ಕಲೆ ಉಳಿದಿದೆಯೇ, ಫ್ಯಾನಿನ ರೆಕ್ಕೆಯ ಮೇಲೆ ಎಷ್ಟು ದಿನದ ಧೂಳು ಕೂತಿದೆ, ಎಲ್ಲ ಅವನಿಗೆ ಬೇಕು. ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿ, ಸ್ಟೇಷನ್ನಿನ ಬದಿಗೆ, ಮೂವತ್ತೊಂದು ವರ್ಷ ಇಡ್ಲಿ-ದೋಸೆಯ ಹೋಟೆಲು ನಡೆಸಿದ ನನಗೆ ಈ ರೋಗ ಬಿಡುವ ಹಾಗೆ ಕಾಣುವುದಿಲ್ಲ.

ಆದ್ದರಿಂದ ಮಗಳು ನನ್ನನ್ನು ಘನ್ಸೋಲಿಯ ಒಂದು ಕೊರಿಯನ್ ಹೋಟೆಲಿಗೆ ಕರೆದಾಗ ನಾನು ಮೊದಲು ಬೇಡವೆಂದೆ. ಕರೆದಳು ಎನ್ನುವುದೂ ಪೂರ್ತಿ ಸರಿಯಲ್ಲ. ಕರೆ ಬಂದದ್ದು ನನ್ನ ಹೆಂಡತಿಯ ಮೂಲಕ. ಮೂರು ವರ್ಷಗಳಿಂದ ನಮ್ಮ ಮನೆಯಲ್ಲಿ ಅಪ್ಪ-ಮಗಳ ಮಾತುಕತೆಯೆಲ್ಲ ಅವಳ ಮೂಲಕವೇ ನಡೆಯುತ್ತಿತ್ತು. "ಹೋಗಿ ಬನ್ನಿ ಮಾರಾಯ್ರೆ, ನಾನೂ ಬರ್ತೇನೆ" ಎಂದು ಒಪ್ಪಿಸಿದಳು. ಶನಿವಾರ ಹೊರಡುವ ಹೊತ್ತಿಗೆ ಕಳವಾ ಊರಿನಲ್ಲಿರುವ ತನ್ನ ತಂಗಿಗೆ ಮೈ ಹುಷಾರಿಲ್ಲ, ನೋಡಿಕೊಂಡು ಬರುತ್ತೇನೆ ಎಂದು ಚೀಲ ಹಿಡಿದು ನಡೆದೇಬಿಟ್ಟಳು. ಆ ತಂಗಿ ಬೆಳಿಗ್ಗೆಯಷ್ಟೇ ನನಗೆ ಫೋನು ಮಾಡಿ ಅರ್ಧ ಗಂಟೆ ಹರಟಿದ್ದಳು.

ಜಗಳದ ಕಾರಣ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನನ್ನ ಮೊಣಕಾಲು ಕೈಕೊಟ್ಟಿತು. ದಿನವಿಡೀ ನಿಂತು ಹೋಟೆಲು ನೋಡಿಕೊಳ್ಳುವುದು ಇನ್ನು ಆಗುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಆಗ ಮಗಳು "ನಾನು ನಡೆಸ್ತೇನೆ" ಎಂದಳು. ತಮಾಷೆಗೆ ಅಂದದ್ದಲ್ಲ. ಕಾಲೇಜಿನ ದಿನಗಳಿಂದ ಸಂಜೆ ಬಂದು ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯೆದುರು, ನನ್ನ ಪಕ್ಕ ಕೂರುತ್ತಿದ್ದಳು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಯಾವ ವ್ಯಾಪಾರಿ ಒಳ್ಳೆಯ ಬಟಾಟೆಯ ಕೆಳಗೆ ಕೊಳೆತದ್ದನ್ನು ತುಂಬುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಎಂದು ಮೂಸಿ ಹೇಳುತ್ತಿದ್ದಳು. ನಾನು ಏನು ಹೇಳಿದೆ? "ಹೆಣ್ಣುಮಕ್ಕಳು ಸ್ಟೇಷನ್ ಬದಿಯ ಹೋಟೆಲಿನ ಗಲ್ಲೆಯಲ್ಲಿ ಕೂತ್ರೆ ಜನ ಎಂತ ಹೇಳ್ತಾರೆ?" ಎಂದೆ. ಎಂದದ್ದಲ್ಲ, ಕೂಗಿದ್ದು, ಅದೂ ಕೆಲಸದವರ ಎದುರು. ಮರುವಾರವೇ ನಮ್ಮ ಊರ ಕಡೆಯ ಒಬ್ಬನಿಗೆ ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಟ್ಟೆ. ಅಂದರೆ ಹೆಸರು, ಲೈಸೆನ್ಸು ನನ್ನದು, ನಡೆಸುವವನು ಅವನು. ಮಗಳು ಐರೋಲಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು.

ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಘನ್ಸೋಲಿಗೆ ಹೋದೆವು. ದಾರಿಯಲ್ಲಿ ಅವಳು ಮೊಬೈಲು ನೋಡಿದಳು, ನಾನು ಕಿಟಕಿಯ ಹೊರಗೆ ನೋಡಿದೆ. ಮಾತನಾಡಿದ್ದು ಒಂದೇ ಒಂದು, ಇಳಿಯುವ ಸ್ಟೇಷನ್ ಬಂದಾಗ ಅವಳು "ಪಪ್ಪ, ಉತರ್‌ನಾ ಹೈ" ಎಂದದ್ದು.

ಹೋಟೆಲು ಒಂದು ಹೌಸಿಂಗ್ ಸೊಸೈಟಿಯ ಕೆಳಗಿನ ಅಂಗಡಿಸಾಲಿನಲ್ಲಿ, ಔಷಧಿ ಅಂಗಡಿ ಮತ್ತು ಇಸ್ತ್ರಿಯವನ ನಡುವೆ ಇತ್ತು. ಏಳೇ ಟೇಬಲ್ಲು. ಗಂಡ, ಹೆಂಡತಿ, ಮಗಳು, ಮೂವರೇ ನಡೆಸುವುದು. ಗಂಡ ಯಾವುದೋ ಕಂಪನಿಯ ಕೆಲಸದ ಮೇಲೆ ಇಲ್ಲಿಗೆ ಬಂದವನು, ಕೆಲಸ ಮುಗಿದರೂ ವಾಪಸ್ಸು ಹೋಗದೆ ಒಲೆ ಹಚ್ಚಿದವನು. ಒಳಗೆ ಅವನ ಅಡುಗೆ, ಹೊರಗೆ ಹೆಂಡತಿಯ ಬಡಿಸುವಿಕೆ. ಅವರ ಮಗಳಿಗೆ ಇಪ್ಪತ್ತೈದರ ಆಸುಪಾಸು. ಕೌಂಟರಿನಲ್ಲಿ ನಿಂತು ಫೋನಿನಲ್ಲಿ ಯಾರನ್ನೋ ಅಪ್ಪಟ ಮುಂಬೈ ಹಿಂದಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಕಳಿಸಿದ ಎಲೆಕೋಸು ಬಾಡಿದೆಯಂತೆ. ಫೋನಿಟ್ಟು ನಮ್ಮತ್ತ ತಿರುಗಿ, "ಅಂಕಲ್, ತೀಖಾ ಚಲೇಗಾ?" ಎಂದಳು. ಮಂಗಳೂರಿನವನಿಗೆ ಖಾರ ನಡೆಯುತ್ತದೆಯೇ ಎಂದು ಕೇಳುತ್ತಾಳೆ! ನಡೆಯುತ್ತದೆ ಎಂದೆ. ನನ್ನ ಹೋಟೆಲು ಶುದ್ಧ ಸಸ್ಯಾಹಾರಿ, ನನ್ನ ಹೊಟ್ಟೆ ಎಂದೂ ಅಲ್ಲ. ನನ್ನ ಮಗಳು ಹಂದಿಮಾಂಸ ಬೇಡವೆಂದು ಹೇಳಿ ಮೀನಿನದೊಂದು ಸಾರು ಮತ್ತು ಅನ್ನ ಹೇಳಿದಳು.

ಸಾರು ಬರುವ ಮೊದಲೇ ಆ ತಾಯಿ ಐದು ಪುಟ್ಟ ತಟ್ಟೆಗಳನ್ನು ತಂದಿಟ್ಟಳು. ಹುಳಿ ಹಿಡಿದ ಎಲೆಕೋಸು, ಮೊಳಕೆಕಾಳಿನ ಪಲ್ಯದಂಥದ್ದು, ಮೂಲಂಗಿ, ಸೌತೆ, ಸಣ್ಣ ಒಣಮೀನು ಹುರಿದದ್ದು. ನಾವು ಹೇಳಿದ್ದೇ ಅಲ್ಲ. ಎಲೆಕೋಸು ಬಾಯಿಗಿಟ್ಟೆ. ಹುಳಿ ಸರಿಯಾದ ದಿನಕ್ಕೆ ಬಂದಿತ್ತು. ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ. ತಪಾಸಣೆ ಅಲ್ಲಿಗೇ ನಿಂತಿತು.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಬೇಕು. ಆ ದಿನದ ಅಡುಗೆ ಹೇಗಿತ್ತೆಂದು ನಾನು ಗಿರಾಕಿಯನ್ನು ಕೇಳುತ್ತಿರಲಿಲ್ಲ. ಮೋರಿಯ ಹತ್ತಿರದ ಎಂಜಲು ಬಾಲ್ದಿಯನ್ನು ನೋಡುತ್ತಿದ್ದೆ. ಬಾಲ್ದಿ ತುಂಬಿದ್ದರೆ ಅಡುಗೆ ಕೆಟ್ಟಿದೆ. ಗಿರಾಕಿ ಬಾಯಲ್ಲಿ ಚೆನ್ನಾಗಿದೆ ಎಂದು ಹೇಳಿ ತಟ್ಟೆಯಲ್ಲಿ ಅರ್ಧ ಬಿಟ್ಟು ಹೋದರೆ ನನಗೆ ಬೈದ ಹಾಗೆಯೇ ಆಗುತ್ತಿತ್ತು. ಆದ್ದರಿಂದ ಬೇರೆಯವರ ಹೋಟೆಲಿನಲ್ಲಿ ನಾನು ಏನೂ ಬಿಡುವುದಿಲ್ಲ. ಐದೂ ತಟ್ಟೆಗಳನ್ನು ಒರೆಸಿದ ಹಾಗೆ ಖಾಲಿ ಮಾಡಿದೆ. ಆ ತಾಯಿ ಬಂದಳು, ನೋಡಿದಳು, ಮುಖ ಅರಳಿಸಿ ಐದನ್ನೂ ಮತ್ತೆ ತುಂಬಿಸಿ ತಂದಿಟ್ಟಳು. ತಂದ ಮೇಲೆ ಬಿಡುವುದು ಹೇಗೆ? ಅದನ್ನೂ ಮುಗಿಸಿದೆ. ಮೂರನೆಯ ಸಲ ಬಂದವು. ನನ್ನ ಹಣೆಯಲ್ಲಿ ಬೆವರು, ಬೆಲ್ಟು ಒಂದು ತೂತು ಸಡಿಲ. ಹೇಳಿದ ಸಾರು ಇನ್ನೂ ಬಂದಿಲ್ಲ.

ಎದುರಿನಿಂದ ನಗು ಕೇಳಿಸಿತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು, ತಡೆಯಲಾರದೆ ನಗುತ್ತಿದ್ದಳು. "ಪಪ್ಪ, ಥೋಡಾ ಬಿಡಿ! ಖಾಲಿ ಮಾಡಿದ್ರೆ ಅವ್ರು ಮತ್ತೆ ತಂದು ಹಾಕ್ತಾರೆ. ನಮ್ಮ ಸಾಂಬಾರಿನ ಹಾಗೆ."

ನಮ್ಮ ಸಾಂಬಾರು ಎಂದಳು. ನನಗೆ ಕಣ್ಣು ಮಂಜಾಯಿತು. ಖಾರದಿಂದ ಎಂದು ತೋರಿಸಿಕೊಳ್ಳಲು ನೀರು ಕುಡಿದೆ.

ಅಷ್ಟರಲ್ಲಿ ಅಡುಗೆಮನೆಯ ಪರದೆ ಸರಿಸಿ ಆ ತಂದೆ ತಲೆ ಹೊರಗೆ ಹಾಕಿದ. ಕೈಯಲ್ಲಿ ಸಾರಿನ ಸೌಟು. ತನ್ನ ಮಗಳನ್ನು ಕರೆದು ಏನೋ ಕೇಳಿದ. ಅವಳು ಕೌಂಟರಿನಿಂದ ಬಂದು ಸೌಟಿನ ತುದಿಯಲ್ಲಿ ರುಚಿ ನೋಡಿ, ಅಡ್ಡಡ್ಡ ತಲೆಯಾಡಿಸಿ, ಎರಡು ಮಾತು ಹೇಳಿದಳು. ಭಾಷೆ ನನಗೆ ತಿಳಿಯಲಿಲ್ಲ, ವಿಷಯ ತಿಳಿಯಿತು. ಸರಿಯಾಗಿಲ್ಲ ಎಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವನಿದ್ದಾನು ಆತ. ಸೌಟು ಹಿಡಿದು ಸರಿಮಾಡಲು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಸೌಟು ಬಂತು, ಈ ಸಲ ಅವಳು ಸರಿ ಎಂದಳು, ಆಮೇಲೆ ಸಾರು ನಮ್ಮ ಟೇಬಲ್ಲಿಗೆ ಕುದಿಯುತ್ತಲೇ ಬಂತು.

ನಾನು ನನ್ನ ಮಗಳ ಕಡೆ ನೋಡಿದೆ. ಅವಳು ಸಾರನ್ನು ನೋಡುತ್ತಿರಲಿಲ್ಲ. ಆ ಪರದೆಯ ಕಡೆಯೇ ನೋಡುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಹಿಟ್ಟು ಮೂಸಿ, ನಾನು ಏನು ಹೇಳುತ್ತೇನೋ ಎಂದು ನನ್ನ ಮುಖ ನೋಡುತ್ತಿದ್ದ ಹುಡುಗಿ ಇವಳು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಯಾವ ಜನ ಏನು ಹೇಳುತ್ತಾರೆಂದು ನಾನು ಹೆದರಿದ್ದೆನೋ, ಆ ಜನರಲ್ಲಿ ಒಬ್ಬನಾದರೂ ನನ್ನ ಮೊಣಕಾಲು ಹೇಗಿದೆ ಎಂದು ಕೇಳಲು ಈ ಮೂರು ವರ್ಷದಲ್ಲಿ ಬಂದಿರಲಿಲ್ಲ.

"ಮಾರ್ಚಿಗೆ ನಮ್ಮ ಕಂಡಕ್ಟಿಂಗ್‌ನವನ ಎಗ್ರಿಮೆಂಟ್ ಮುಗೀತದೆ" ಎಂದೆ. "ಹೋಟೆಲು ನೀನು ನಡೆಸ್ತೀಯಾ?"

ಅವಳು ಚಮಚ ಕೆಳಗಿಟ್ಟಳು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

"ಇಲ್ಲ ಪಪ್ಪ. ಆಗ ಕೇಳ್ಬೇಕಿತ್ತು. ಆಗ ನನ್ನ ತಲೆಯಲ್ಲಿ ಅದು ಬಿಟ್ರೆ ಬೇರೆ ಇರ್ಲಿಲ್ಲ. ಈಗ ನನ್ನ ಲೈನೇ ಬೇರೆ ಆಯ್ತು. ಈ ಕೆಲಸವೂ ನನಗೆ ಇಷ್ಟ ಉಂಟು."

"ಮತ್ತೆ ನನ್ನನ್ನು ಇಲ್ಲಿಗೆ ಎಂತಕ್ಕೆ ಕರ್ಕೊಂಡು ಬಂದದ್ದು?"

"ಪ್ರತಿ ಶನಿವಾರ ಬರ್ತೇನೆ ನಾನಿಲ್ಲಿಗೆ" ಎಂದಳು. "ಊಟಕ್ಕೆ ಅಂತ ಅಲ್ಲ. ಆ ಅಪ್ಪ ಹೊರಗೆ ಬಂದು ಅವಳ ಹತ್ರ ಕೇಳ್ತಾರಲ್ಲ, ಅದನ್ನು ನೋಡ್ಲಿಕ್ಕೆ. ನೀವೂ ಒಂದ್ಸಲ ನೋಡ್ಬೇಕು ಅಂತ, ಬಸ್."

ಸಾಂಬಾರಿನಲ್ಲಿ ಕೂದಲು ಸಿಕ್ಕಿದವರಿಗೆ, ದೋಸೆ ತಡವಾಗಿ ಲೋಕಲ್ ತಪ್ಪಿಸಿಕೊಂಡವರಿಗೆ, ಸೀರೆಯ ಮೇಲೆ ಚಾ ಚೆಲ್ಲಿಸಿಕೊಂಡವರಿಗೆ ಮೂವತ್ತೊಂದು ವರ್ಷ ಕೈಮುಗಿದು ಒಂದೇ ಮಾತು ಹೇಳಿದ್ದೇನೆ. ಎಷ್ಟು ಸಲೀಸಾಗಿ ಬರುತ್ತಿತ್ತು ಆ ಮಾತು. ಮನೆಯಲ್ಲಿ ಯಾರಿಗೂ ಅದನ್ನು ಹೇಳಿದ ನೆನಪಿಲ್ಲ.

"ತಪ್ಪಾಯ್ತು ಮಗಾ" ಎಂದೆ.

ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿ ಟಿಶ್ಯೂ ಪೇಪರಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಮುಚ್ಚಳ ತೆಗೆದು ಅನ್ನದ ಬಟ್ಟಲನ್ನು ನನ್ನ ಮುಂದಕ್ಕೆ ಸರಿಸಿದಳು.

"ಊಟ ಮಾಡಿ ಪಪ್ಪ, ಆರ್ತದೆ" ಎಂದಳು.